ನಮ್ಮ ಅಂಗಳದ ದಿಗಂತವನ್ನು ಸ್ಟೆಲೇರಿಯಂಗೆ ಇಳಿಸಿದ್ದು

ಕಂಪ್ಯೂಟರಿನ ಪರದೆಯಲ್ಲಿ ಆಕಾಶವನ್ನು ತೋರಿಸುವ ಸ್ಟೆಲೇರಿಯಂ ತಂತ್ರಾಂಶವನ್ನು ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಫ್ರಾನ್ಸ್ ದೇಶದ ಗೆರೆನ್ ಎಂಬ ಹಳ್ಳಿಯ ಹುಲ್ಲುಗಾವಲು. ಈ ತಂತ್ರಾಂಶವನ್ನು ಆರಂಭಿಸಿದ ಫಾಬಿಯನ್ ಶೆರೋ ಫ್ರಾನ್ಸಿನವರು, ಹಾಗಾಗಿ ಅಲ್ಲಿನ ನೆಲ. ಸುತ್ತ ಬಯಲು, ಆಕಾಶ ಬಹುಮಟ್ಟಿಗೆ ದಿಗಂತದವರೆಗೂ ಇಳಿದಿರುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಅಂಗಳದಲ್ಲಿ ನಿಂತವರಿಗೆ ಅಂಥ ಭಾಗ್ಯವಿಲ್ಲ. ತೆಂಕು ದಿಕ್ಕಿಗೆ ಕಂಗಿನ, ಅಂದರೆ ಅಡಿಕೆ ಮರಗಳ ತೋಟ, ಬಡಗಿಗೆ ಗೇರುಮರಗಳ ಗುಡ್ಡೆ, ಪಡುವಣಕ್ಕೆ ತೆಂಗು, ಮೂಡಣಕ್ಕೆ ಮನೆಯ ಹಂಚಿನ ಮಾಡು. ‘ತ್ರಿಶಂಕು ನಕ್ಷತ್ರಪುಂಜ ಈಗ ದಕ್ಷಿಣದಲ್ಲಿದೆ’ ಎಂದು ಪರದೆ ತೋರಿಸುತ್ತದೆ. ತಲೆ ಎತ್ತಿದರೆ ಕಾಣುವುದು ಸೋಗೆ.

ಆಕಾಶ ನೋಡುವ ಹವ್ಯಾಸದವರು ಈ ತಂತ್ರಾಂಶವನ್ನು ಹೊಗಳುವಾಗ ಅದರಲ್ಲಿರುವ ಲಕ್ಷಾಂತರ ನಕ್ಷತ್ರಗಳ ಲೆಕ್ಕ ಹೇಳುತ್ತಾರೆ. ಇನ್‌ಸ್ಟಾಲ್ ಮಾಡಿದಾಗಲೇ 6 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳು ಅದರಲ್ಲಿರುತ್ತವೆ, ನಿಜ. ತೋಟದ ನಡುವೆ ಮನೆ ಇರುವವನಿಗೆ ಬೇಕಾದದ್ದು ಬೇರೆಯೇ: ಇವುಗಳಲ್ಲಿ ಯಾವುದು, ಎಷ್ಟು ಗಂಟೆಗೆ, ಯಾವ ಎರಡು ಮರಗಳ ನಡುವೆ ಕಾಣಿಸುತ್ತದೆ ಎನ್ನುವುದು. ಅದನ್ನು ಹೇಳಿಸಬೇಕಾದರೆ ನಮ್ಮ ದಿಗಂತವನ್ನು ಅಳೆದು ಅದಕ್ಕೆ ಕೊಡಬೇಕು. ಈ ಜನವರಿಯಲ್ಲಿ ಅಡಿಕೆ ಕೊಯ್ಲಿನ ಎಡೆಯಲ್ಲಿ ಆ ಕೆಲಸ ಮಾಡಿ ಮುಗಿಸಿದೆ. ಬಯಸುವವರಿಗೆ ಉಪಯೋಗವಾಗಲಿ ಎಂದು ವಿವರ ಬರೆದಿಡುತ್ತಿದ್ದೇನೆ.

ಮೊದಲು ಯಂತ್ರದ ಸುದ್ದಿ. ಅಣ್ಣನ ಮಗ ಮಂಗಳೂರಿಗೆ ಓದಲು ಹೋದಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿದ್ದ ಹಳೆಯ ವಿಂಡೋಸ್‌ನಲ್ಲಿ ಸ್ಟೆಲೇರಿಯಂ ತೆರೆದರೆ ಚಿತ್ರ ಮೂಡಿಸಲು ಬೇಕಾದ ಓಪನ್‌ಜಿಎಲ್ ಎಂಬ ಸೌಲಭ್ಯ ಸಾಲದು ಎಂಬ ದೂರು ಬರುತ್ತಿತ್ತು. ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿ, ಅದರ ಸಾಫ್ಟ್‌ವೇರ್ ಭಂಡಾರದಿಂದಲೇ ಸ್ಟೆಲೇರಿಯಂ ಇಳಿಸಿಕೊಂಡೆ, ತಕರಾರಿಲ್ಲದೆ ತೆರೆಯಿತು. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಆದರೆ ಪರದೆಯ ಮೇಲೆ ಚಂದ್ರನೇ ಇಲ್ಲ. ಹೊರಗೆ ಶುಕ್ಲಪಕ್ಷದ ಚಂದ್ರ ಮಾಡಿನ ಮೇಲೆ ಬೆಳಗುತ್ತಿದ್ದಾನೆ, ಒಳಗೆ ಆ ಜಾಗದಲ್ಲಿ ಬರೀ ಕತ್ತಲೆ. ನೋಡಿದರೆ ಲ್ಯಾಪ್‌ಟಾಪ್‌ನ ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿ ಒಂದನ್ನು ತೋರಿಸುತ್ತಿತ್ತು. ದೊಡ್ಡ ಬ್ಯಾಟರಿ ಯಾವತ್ತೋ ಸತ್ತಿದೆ, ಒಳಗಿನ ಚಿಕ್ಕದೂ ಸತ್ತಿದೆ. ಪ್ಲಗ್ ಕಿತ್ತ ಕ್ಷಣ ಗಡಿಯಾರಕ್ಕೆ ನೆನಪು ಹೋಗುತ್ತದೆ. ಇಂಟರ್ನೆಟ್ ಸಿಕ್ಕರೆ ಗಂಟೆ ತಾನಾಗಿ ಸರಿಯಾಗುತ್ತದೆ, ಆದರೆ ನಮ್ಮ ಅಂಗಳಕ್ಕೆ ಇಂಟರ್ನೆಟ್ ಬರುವುದು ಅದರ ಮರ್ಜಿಯಂತೆ. ಹಿಂಬದಿಯ ಮುಚ್ಚಳದ ತಿರುಪುಗಳನ್ನು ಬಿಚ್ಚಿದಾಗ ಮೂಲೆಯಲ್ಲಿ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ನಾಣ್ಯದಾಕಾರದ ಸೆಲ್, ಅದರಿಂದ ಹೊರಟ ಕೆಂಪು ಮತ್ತು ಕಪ್ಪು ವಯರು, ತುದಿಯಲ್ಲಿ ಎರಡು ಪಿನ್ನಿನ ಪುಟ್ಟ ಕನೆಕ್ಟರ್. ಮೂರು ವೋಲ್ಟ್ ಇರಬೇಕಾದಲ್ಲಿ ಮಲ್ಟಿಮೀಟರ್ ಒಂದನ್ನೂ ತೋರಿಸಲಿಲ್ಲ. ಇದು ಸಿಆರ್2032 ಸೆಲ್. ಅಂಗಡಿಯಲ್ಲಿ ಬಿಡಿ ಸೆಲ್ ಎಲ್ಲೆಡೆ ಸಿಗುತ್ತದೆ, ಆದರೆ ಅದರ ಮೈಗೆ ನೇರವಾಗಿ ಬೆಸುಗೆ ಹಾಕಲು ಹೋಗಬಾರದು. ಬಿಸಿಗೆ ಸೆಲ್ ಹಾಳಾಗುತ್ತದೆ, ಸಿಡಿಯಲೂಬಹುದು. ವಯರು ಸಹಿತ ಬರುವುದನ್ನೇ ತರಿಸಿ ಸಿಕ್ಕಿಸಿದೆ. ಗಡಿಯಾರ ಸರಿಯಾಗಿ ನಡೆಯತೊಡಗಿತು. ಚಂದ್ರನೂ ಬಂದ.

ಮುಂದಿನದು ಸ್ಥಳ. ಎಫ್6 ಒತ್ತಿದರೆ ಸ್ಥಳದ ಕಿಟಕಿ ತೆರೆಯುತ್ತದೆ. ನೆಟ್‌ವರ್ಕ್‌ನಿಂದ ಸ್ಥಳ ಪಡೆಯುವ ಆಯ್ಕೆಗೆ ಗುರುತು ಹಾಕಿದ್ದರೆ ತೆಗೆಯಬೇಕು. ಇಂಟರ್ನೆಟ್ ಕೊಡುವ ಕಂಪನಿಯ ಯಂತ್ರ ಯಾವ ಪೇಟೆಯಲ್ಲಿದೆಯೋ ಅದನ್ನೇ ನಮ್ಮ ಊರೆಂದು ಅದು ನಂಬುತ್ತದೆ. ನನ್ನನ್ನು ಬೆಂಗಳೂರಿನಲ್ಲಿ ಕೂರಿಸಿತ್ತು. ರೇಖಾಂಶ ಒಂದು ಡಿಗ್ರಿ ತಪ್ಪಿದರೆ ನಕ್ಷತ್ರಗಳ ವೇಳೆ ನಾಲ್ಕು ನಿಮಿಷ ತಪ್ಪುತ್ತದೆ. ಬೆಂಗಳೂರಿಗೂ ನಮಗೂ ಎರಡೂವರೆ ಡಿಗ್ರಿ ವ್ಯತ್ಯಾಸ, ಹತ್ತು ನಿಮಿಷ ಅಲ್ಲೇ ಹೋಯಿತು. ಬಯಲಿನಲ್ಲಿ ನಿಂತು ನೋಡುವವನಿಗೆ ಹತ್ತು ನಿಮಿಷ ದೊಡ್ಡದಲ್ಲ, ಎರಡು ಮರಗಳ ಸಂದಿನಲ್ಲಿ ನೋಡುವವನಿಗೆ ದೊಡ್ಡದು. ಮೊಬೈಲ್ ನಕ್ಷೆಯಲ್ಲಿ ಮನೆಯ ಮೇಲೆ ಬೆರಳೊತ್ತಿ ಸಿಕ್ಕ ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಟ್ಟೆ: ಸುಮಾರು 12.6 ಡಿಗ್ರಿ ಉತ್ತರ, 75.1 ಡಿಗ್ರಿ ಪೂರ್ವ. ಅದನ್ನೇ ಶಾಶ್ವತ ಸ್ಥಳವನ್ನಾಗಿ ಉಳಿಸುವ ಆಯ್ಕೆಯೂ ಅಲ್ಲೇ ಇದೆ.

ಇದೆಲ್ಲ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಕಾಸರಗೋಡಿನವರ ಬಳಿ ಒಳ್ಳೆಯ ಸಾಧನವೊಂದಿದೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಮ್ಮ ಜಿಲ್ಲೆಯ ಚೆರುವತ್ತೂರಿನ ನೆತ್ತಿಯ ಮೇಲಿಂದಲೇ ಹಾದುಹೋಗಿತ್ತು. ದೇಶದ ನಾನಾ ಕಡೆಯಿಂದ ಜನ ಬಂದಿದ್ದರು. ಎಫ್5 ಒತ್ತಿ ಆ ದಿನಾಂಕ ಮತ್ತು ಬೆಳಿಗ್ಗೆ 9 ಗಂಟೆ 25 ನಿಮಿಷ ಕೊಟ್ಟು, ಎಫ್3ರಲ್ಲಿ ಸೂರ್ಯನನ್ನು ಹುಡುಕಿ, ಹತ್ತಿರಕ್ಕೆ ಎಳೆದು ನೋಡಿದೆ. ಬಳೆ ಕಾಣಿಸಿತು, ಒಂದು ಪಕ್ಕ ತುಸು ದಪ್ಪ. ಚೆರುವತ್ತೂರಿಗೆ ಸ್ಥಳ ಬದಲಿಸಿದರೆ ಎಲ್ಲ ಕಡೆ ಒಂದೇ ದಪ್ಪ. ಅಲ್ಲಿಗೆ ಸ್ಥಳ, ಕಾಲ ಎರಡರ ಮೇಲೂ ನಂಬಿಕೆ ಬಂತು. 8 ಅಂಕಿಯ ಒತ್ತುಗುಂಡಿ ಒತ್ತಿದರೆ ಮತ್ತೆ ಈ ಕ್ಷಣಕ್ಕೆ ಮರಳಬಹುದು.

ಈಗ ಅಳತೆ. ಪ್ರತಿಯೊಂದು ದಿಕ್ಕಿಗೂ ಎರಡು ಸಂಖ್ಯೆ ಬೇಕು. ಉತ್ತರವನ್ನು ಸೊನ್ನೆಯೆಂದು ಹಿಡಿದು ಪೂರ್ವದ ಕಡೆಗೆ ಎಣಿಸಿದ ಕೋನ, ಅಂದರೆ ದಿಗಂಶ. ಆ ದಿಕ್ಕಿನಲ್ಲಿ ಮರವೋ ಗುಡ್ಡೆಯೋ ಎಷ್ಟು ಡಿಗ್ರಿ ಎತ್ತರಕ್ಕೆ ಆಕಾಶವನ್ನು ಮುಚ್ಚಿದೆ ಎಂಬ ಕೋನ, ಅಂದರೆ ಉನ್ನತಿ.

ಉನ್ನತಿಗೆ ಮಕ್ಕಳ ಕಂಪಾಸು ಪೆಟ್ಟಿಗೆಯ ಕೋನಮಾಪಕ ಸಾಕು. ನೇರ ಅಂಚಿಗೆ ಬಾಲ್‌ಪೆನ್ನಿನ ಖಾಲಿ ಕೊಳವೆ ಅಂಟಿಸಿದೆ, ನಡುವಿನ ತೂತಿಗೆ ನೂಲು ಕಟ್ಟಿ ತುದಿಗೆ ಕಬ್ಬಿಣದ ನಟ್ಟು ತೂಗಿಸಿದೆ. ಕೊಳವೆಯ ಮೂಲಕ ಮರದ ತುದಿ ನೋಡಿ, ನೂಲನ್ನು ಬೆರಳಿನಿಂದ ಒತ್ತಿ ಹಿಡಿದು, ಅದು ತೋರಿಸುವ ಅಂಕಿಯನ್ನು 90ರಿಂದ ಕಳೆದರೆ ಉನ್ನತಿ. ನಟ್ಟು ಭಾರವಾಗಿದ್ದಷ್ಟೂ ಒಳ್ಳೆಯದು. ಹಗುರವಾದರೆ ಗಾಳಿಗೆ ಅಲ್ಲಾಡಿ ತಲೆ ತಿನ್ನುತ್ತದೆ.

ಈ ಮಕ್ಕಳಾಟಿಕೆಯನ್ನು ಎಷ್ಟು ನಂಬಬಹುದು? ಕೊಯ್ಲಿನವರು ಬಂದ ದಿನ ಒರೆಗೆ ಹಚ್ಚಿದೆ. ಅವರ ಕಾರ್ಬನ್ ಫೈಬರ್ ದೋಟಿಯನ್ನು ಎದುರಿನ ಕಂಗಿನ ತುದಿಗೆ ಮುಟ್ಟಿಸಲು ಹೇಳಿ, ನೆಲದ ಮಟ್ಟದಲ್ಲಿ ಗುರುತು ಹಾಕಿ, ಕೆಳಗೆ ಮಲಗಿಸಿ ಟೇಪಿನಿಂದ ಅಳೆದೆ: ಹದಿಮೂರೂವರೆ ಮೀಟರ್. ತೋಟ ಅಂಗಳಕ್ಕಿಂತ ಎರಡು ಮೀಟರ್ ತಗ್ಗಿನಲ್ಲಿದೆ, ನನ್ನ ಕಣ್ಣು ಅಂಗಳದಿಂದ ಒಂದೂವರೆ ಮೀಟರ್ ಮೇಲೆ. ಅಂದರೆ ಮರದ ತುದಿ ಕಣ್ಣಿನಿಂದ ಹತ್ತು ಮೀಟರ್ ಎತ್ತರದಲ್ಲಿ, ಇಪ್ಪತ್ತನಾಲ್ಕು ಮೀಟರ್ ದೂರದಲ್ಲಿದೆ. ಲೆಕ್ಕ ಹಾಕಿದರೆ 22.6 ಡಿಗ್ರಿ. ಕೋನಮಾಪಕ 23 ಹೇಳಿತ್ತು. ‘ಮರದ ಎತ್ತರಕ್ಕೆ ಏನು ರೇಟು ಬರುತ್ತದೆ ಭಾವ?’ ಎಂದು ದೋಟಿ ಹಿಡಿದವನು ಕೇಳಿದ. ಉತ್ತರ ನನ್ನ ಬಳಿ ಇರಲಿಲ್ಲ.

ದಿಗಂಶದ ಕೆಲಸ ಇದಕ್ಕಿಂತ ಸೂಕ್ಷ್ಮ. ಪ್ಲೈವುಡ್ಡಿನ ತುಂಡಿಗೆ 360 ಡಿಗ್ರಿಯ ವೃತ್ತ ಮುದ್ರಿಸಿದ ಕಾಗದ ಅಂಟಿಸಿ, ನಡುವೆ ಮೊಳೆ ಹೊಡೆದು, ಅದರ ಮೇಲೆ ತಿರುಗುವಂತೆ ಬಿದಿರಿನ ಪಟ್ಟಿಯೊಂದನ್ನು ಸಿಕ್ಕಿಸಿದೆ. ಪಟ್ಟಿಯ ಎರಡು ತುದಿಗೂ ಗುಂಡುಸೂಜಿ. ಎರಡು ಸೂಜಿಯೂ ಮರವೂ ಒಂದೇ ಸಾಲಿಗೆ ಬಂದಾಗ ಅಂಕಿ ಓದುವುದು. ಹಲಗೆಯನ್ನು ಅಂಗಳದ ತುಳಸಿಕಟ್ಟೆಯ ಪಕ್ಕ ಮುರಕಲ್ಲಿನ ಮೇಲೆ ಮಟ್ಟಸವಾಗಿ ಇಟ್ಟೆ. ನಾನು ದಿನಾ ನಿಂತು ನೋಡುವ ಜಾಗ ಅದೇ. ಇದು ಮುಖ್ಯ: ಹತ್ತಿರದ ಮರಗಳಿಗೆ ನಾಲ್ಕು ಹೆಜ್ಜೆ ಸರಿದರೂ ದಿಗಂತ ಬೇರೆಯಾಗುತ್ತದೆ.

ಸೊನ್ನೆಯನ್ನು ಉತ್ತರಕ್ಕೆ ತಿರುಗಿಸುವುದು ಹೇಗೆ? ಮೊಬೈಲಿನ ದಿಕ್ಸೂಚಿಯನ್ನು ನಾನು ನಂಬುವುದಿಲ್ಲ. ಪಂಪಿನ ಕಬ್ಬಿಣದ ಪೈಪಿನ ಹತ್ತಿರ ಒಂದು ಹೇಳಿದರೆ ಹಟ್ಟಿಯ ಹತ್ತಿರ ಇನ್ನೊಂದು ಹೇಳುತ್ತದೆ. ಧ್ರುವ ನಕ್ಷತ್ರವನ್ನು ಹಿಡಿಯೋಣವೆಂದರೆ ನಮ್ಮಲ್ಲಿ ಅದರ ಎತ್ತರ ಅಕ್ಷಾಂಶದಷ್ಟೇ, ಹನ್ನೆರಡೂವರೆ ಡಿಗ್ರಿಯ ಆಸುಪಾಸು. ಗುಡ್ಡೆಯ ಗೇರುಮರಗಳು ಅದನ್ನು ನುಂಗಿವೆ. ಉಳಿದದ್ದು ಸೂರ್ಯ. ಸ್ಟೆಲೇರಿಯಂನಲ್ಲಿ ಸೂರ್ಯನ ಮೇಲೆ ಕ್ಲಿಕ್ ಮಾಡಿದರೆ ಆ ಕ್ಷಣದ ದಿಗಂಶ ಎಡಮೂಲೆಯಲ್ಲಿ ಬರುತ್ತದೆ. ಜನವರಿ ಮಧ್ಯದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಮ್ಮಲ್ಲಿ ಅದು ಸುಮಾರು 122 ಡಿಗ್ರಿ. ನೆರಳು ಅದರ ನೇರ ಎದುರು ಬೀಳಬೇಕು, ಅಂದರೆ 302. ಹಲಗೆಯ ಮೇಲೆ ನೂಲುಗುಂಡು ತೂಗಿಬಿಟ್ಟು, ನೂಲಿನ ನೆರಳು ಮೊಳೆಯ ಮೇಲೆ ಹಾದು 302ರ ಗೆರೆಯನ್ನು ಮುಟ್ಟುವವರೆಗೆ ಹಲಗೆಯನ್ನು ತಿರುಗಿಸಿದೆ. ಇದನ್ನು ಬೆಳಿಗ್ಗೆಯೋ ಸಂಜೆಯೋ ಮಾಡಬೇಕು. ಏಪ್ರಿಲ್ ಕೊನೆಯ ವಾರದ ನಡುಹಗಲಿನಲ್ಲಂತೂ ಸೂರ್ಯ ನಮ್ಮ ನೆತ್ತಿಗೇ ಬರುವುದರಿಂದ ನೆರಳೇ ಸಿಗುವುದಿಲ್ಲ.

ಗುಡ್ಡೆಯ ಕಡೆ ಐದು ಡಿಗ್ರಿಗೊಂದು ಅಳತೆ ಸಾಕಾಯಿತು. ತೆಂಕು ದಿಕ್ಕಿನಲ್ಲಿ ಮಾತ್ರ ಒಂದೊಂದು ಡಿಗ್ರಿಗೂ ನೋಡಿದೆ. ಕಾರಣವಿದೆ. ಹೋದ ಮಳೆಗಾಲದ ಗಾಳಿಗೆ ಆ ಕಡೆ ಒಂದು ಪಟ್ಟಿಯಷ್ಟು ಕಂಗು ಬಿದ್ದು, ತೋಟದಲ್ಲಿ ಕಿಂಡಿಯೊಂದು ತೆರೆದುಕೊಂಡಿದೆ. ಎರಡು ಬದಿಯ ಮರಗಳು 25 ಡಿಗ್ರಿ ಏರಿ ನಿಂತಿದ್ದರೆ, 175ರಿಂದ 190 ಡಿಗ್ರಿಯವರೆಗಿನ ಆ ಕಿಂಡಿಯಲ್ಲಿ ತೋಡಿನಾಚೆಯ ತೋಟದ ತುದಿ ಬರೀ ಹತ್ತು ಡಿಗ್ರಿಯಲ್ಲಿದೆ. ನೇರ ದಕ್ಷಿಣ 180. ನಮ್ಮ ಅಕ್ಷಾಂಶದಲ್ಲಿ ತ್ರಿಶಂಕುವಿನ ಕೆಳಗಿನ ನಕ್ಷತ್ರ ಅತಿ ಹೆಚ್ಚೆಂದರೆ ಹದಿನಾಲ್ಕು ಡಿಗ್ರಿ ಏರುತ್ತದೆ, ಮೇಲಿನದು ಇಪ್ಪತ್ತು. ಮರಗಳಿದ್ದಾಗ ಇಡೀ ಪುಂಜ ಮುಚ್ಚಿಹೋಗುತ್ತಿತ್ತು. ಈಗ ಕಿಂಡಿಯಲ್ಲಿ ಹಿಡಿಯಬಹುದು.

ಫೈಲು ಮಾಡುವುದು ಅಳತೆಗಿಂತ ಸುಲಭ. ಸ್ಟೆಲೇರಿಯಂ ಜೊತೆ ಝೀರೋ ಹೊರೈಜನ್ ಎಂಬ ಬೋಳು ದಿಗಂತವೊಂದು ಬರುತ್ತದೆ. ಅದರ ಫೋಲ್ಡರನ್ನು ಪ್ರತಿ ಮಾಡಿ, ಬಳಕೆದಾರರ ಮನೆ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ, ಸಾಧಾರಣವಾಗಿ ಕಣ್ಣಿಗೆ ಕಾಣಿಸದ ಸ್ಟೆಲೇರಿಯಂ ಫೋಲ್ಡರಿನೊಳಗಿನ ಲ್ಯಾಂಡ್‌ಸ್ಕೇಪ್ಸ್ ಭಾಗಕ್ಕೆ ಹೊಸ ಹೆಸರಿನಲ್ಲಿ ಹಾಕಿದೆ. ಅದರೊಳಗೆ ಎರಡು ಸಾದಾ ಪಠ್ಯ ಫೈಲು. ಒಂದರಲ್ಲಿ ಹೆಸರು, ಕರ್ತೃ, ನೆಲದ ಬಣ್ಣ, ದಿಗಂತದ ಗೆರೆಯ ಬಣ್ಣ ಇತ್ಯಾದಿ. ಇನ್ನೊಂದರಲ್ಲಿ ಸಾಲಿಗೊಂದರಂತೆ ದಿಗಂಶ, ಒಂದು ಖಾಲಿ ಜಾಗ, ಉನ್ನತಿ. ಬಿಂದುಗಳನ್ನು ಅದು ಗೆರೆ ಎಳೆದು ಸೇರಿಸುತ್ತದೆ. ಕಂಗಿನ ಅಂಚು ಕಡಿದಂತೆ ಇಳಿಯಬೇಕಾದರೆ 174.9ಕ್ಕೆ 25, 175ಕ್ಕೆ 10 ಎಂದು ಅಕ್ಕಪಕ್ಕ ಬರೆಯಬೇಕು. ಇಲ್ಲದಿದ್ದರೆ ಮರದ ಬದಲು ಇಳಿಜಾರು ಮೂಡುತ್ತದೆ. ಸ್ಟೆಲೇರಿಯಂ ಮತ್ತೆ ತೆರೆದು, ಎಫ್4ರ ಕಿಟಕಿಯಲ್ಲಿ ಲ್ಯಾಂಡ್‌ಸ್ಕೇಪ್ ವಿಭಾಗಕ್ಕೆ ಹೋದರೆ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರು ಇತ್ತು. ಫ್ರಾನ್ಸಿನ ಹುಲ್ಲುಗಾವಲು ಹೋಗಿ ಅಂಕುಡೊಂಕಾದ ಹಸಿರು ಗೋಡೆಯೊಂದು ಎದ್ದಿತು. ಚೆಂದವೇನಿಲ್ಲ. ಜಿ ಒತ್ತಿದರೆ ನೆಲ ಮಾಯವಾಗಿ ಹಿಂದೆ ಅಡಗಿರುವುದು ಕಾಣುತ್ತದೆ, ಮತ್ತೆ ಒತ್ತಿದರೆ ಮರಳಿ ಬರುತ್ತದೆ.

ಫೋಟೋ ಬಳಸಿ ನಿಜವಾದ ಅಂಗಳವನ್ನೇ ತೋರಿಸುವ ವಿಧಾನವೂ ಇದೆ. ಸುತ್ತಲಿನ ಚಿತ್ರವನ್ನು ಅಗಲ ಎತ್ತರದ ಎರಡರಷ್ಟಾಗುವಂತೆ ಹೊಲಿದು, ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಆಕಾಶದ ಭಾಗವನ್ನು ಅಳಿಸಿ ಪಾರದರ್ಶಕ ಮಾಡಬೇಕು. ಕಟ್ಟಡಗಳ ನಡುವೆ ಇರುವವರು ಮಾಡಲಿ. ಕಂಗಿನ ಸೋಗೆಯ ಒಂದೊಂದು ಎಸಳಿನ ನಡುವಿನ ಆಕಾಶವನ್ನು ಅಳಿಸುತ್ತ ಕೂರುವಷ್ಟು ಪುರುಸೊತ್ತು ನನಗಿಲ್ಲ, ಅದರಿಂದ ಸಿಗುವ ಹೆಚ್ಚಿನ ಮಾಹಿತಿಯೂ ಇಲ್ಲ.

ಒರೆಗೆ ಹಚ್ಚಲು ಅಗಸ್ತ್ಯ ನಕ್ಷತ್ರವನ್ನು ಆರಿಸಿದೆ. ಜನವರಿ ಮಧ್ಯದಲ್ಲಿ ಅದು ರಾತ್ರಿ ಹನ್ನೊಂದೂಕಾಲರ ಸುಮಾರಿಗೆ ನೇರ ದಕ್ಷಿಣಕ್ಕೆ ಬರುತ್ತದೆ, ಎತ್ತರ ಇಪ್ಪತ್ತೈದು ಡಿಗ್ರಿಗೆ ತುಸು ಕಡಿಮೆ. ಅಂದರೆ ಕಂಗಿನ ತಲೆಗಳನ್ನು ಸವರಿಕೊಂಡೇ ನಡೆಯುತ್ತದೆ. ಎಡಬದಿಯ ಕೊನೆಯ ಮರದ ಹಿಂದಿನಿಂದ ಅದು ಕಿಂಡಿಗೆ ಜಾರುವ ಗಳಿಗೆಯನ್ನು ತಂತ್ರಾಂಶದಲ್ಲಿ ಗುರುತು ಮಾಡಿಕೊಂಡು, ಹೊರಗೆ ಕೈಗಡಿಯಾರ ಹಿಡಿದು ನಿಂತೆ. ಹೇಳಿದ ಹೊತ್ತಿಗೆ ಬರಲಿಲ್ಲ; ಎಂಟು ನಿಮಿಷ ತಡವಾಗಿ ಸೋಗೆಯ ಅಂಚಿನಲ್ಲಿ ಎರಡು ಸಲ ಮಿನುಗಿ ಹೊರಬಂತು. ಆ ಎತ್ತರದಲ್ಲಿ ಅಗಸ್ತ್ಯ ಗಂಟೆಗೆ ಹತ್ತು ಡಿಗ್ರಿ ಬಲಕ್ಕೆ ಸರಿಯುತ್ತದೆ, ಹಾಗಾಗಿ ಎಂಟು ನಿಮಿಷವೆಂದರೆ ಒಂದೂಕಾಲು ಡಿಗ್ರಿಗೆ ಹತ್ತಿರ.

ಒಂದೇ ಮರದ ಅಳತೆ ತಪ್ಪಿದೆಯೋ, ಇಡೀ ವೃತ್ತವೇ ತಿರುಗಿದೆಯೋ? ಮರುದಿನ ಮುಸ್ಸಂಜೆ ನೈಋತ್ಯದಲ್ಲಿ ಇಳಿಯುವ ಫೋಮಲ್‌ಹಾಟ್ ನಕ್ಷತ್ರವನ್ನು ತೆಂಗಿನ ಕಾಂಡವೊಂದರ ಹಿಂದೆ ಅಡಗುವವರೆಗೆ ಕಾದೆ. ಅದೂ ಹೇಳಿದ್ದಕ್ಕಿಂತ ತಡವಾಗಿಯೇ ಅಡಗಿತು. ಎರಡೂ ಒಂದೇ ಕಡೆಗೆ ವಾಲಿದ್ದರಿಂದ ವೃತ್ತದ್ದೇ ದೋಷ. ನೂಲಿನ ನೆರಳು ಅಂಚಿನಲ್ಲಿ ಮಸುಕಾಗುವುದರಿಂದ ಅಷ್ಟು ವ್ಯತ್ಯಾಸ ಬರುತ್ತದೆ. ಅಂಕಿಗಳನ್ನೆಲ್ಲ ತಿದ್ದಬೇಕಾಗಿಲ್ಲ. ಮೊದಲ ಫೈಲಿನಲ್ಲಿ ಇಡೀ ದಿಗಂತವನ್ನು ತಿರುಗಿಸುವ ಕೋನಕ್ಕೆಂದೇ ಒಂದು ಸಾಲು ಇದೆ, ಅಲ್ಲಿ ಸೊನ್ನೆಯ ಬದಲು ಒಂದೂಕಾಲು ಬರೆದು, ಕಿಂಡಿ ಯಾವ ಕಡೆ ಸರಿಯಿತೆಂದು ನೋಡಿ ಅಧಿಕ ಚಿಹ್ನೆಯೋ ಋಣ ಚಿಹ್ನೆಯೋ ಎಂದು ತೀರ್ಮಾನಿಸಿದರಾಯಿತು. ಆಮೇಲೆ ಅಗಸ್ತ್ಯ ಒಂದೆರಡು ನಿಮಿಷದೊಳಗೆ ಮಾತು ಉಳಿಸಿಕೊಂಡಿದೆ. ಸೋಗೆ ಗಾಳಿಗೆ ಅಲ್ಲಾಡುವ ಊರಿನಲ್ಲಿ ಅದಕ್ಕಿಂತ ಹೆಚ್ಚು ಕೇಳುವುದು ಅತಿಯಾಸೆ.

ಈ ಗದ್ದಲವನ್ನೆಲ್ಲ ನೋಡುತ್ತಿದ್ದ ಅಮ್ಮ ಒಂದು ಮಧ್ಯಾಹ್ನ ಕೇಳಿದರು: ‘ಅದರಲ್ಲಿ ಪತ್ತನಾಜೆಯ ದಿನ ಸೂರ್ಯ ಎಲ್ಲಿದ್ದಾನೆಂದು ಕಾಣುತ್ತದೆಯೋ?’ ಪತ್ತನಾಜೆ ಮೇ 24ರ ಹೊತ್ತಿಗೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ, ರೋಹಿಣಿ ಮಳೆಯ ಹೊಸ್ತಿಲು. ದಿನಾಂಕ ಕೊಟ್ಟು ಎ ಒತ್ತಿದೆ. ವಾತಾವರಣ ಕಳಚಿ ಹಗಲಲ್ಲೇ ನಕ್ಷತ್ರಗಳು ಮೂಡಿದವು. ಸೂರ್ಯ ಕೃತ್ತಿಕೆಯನ್ನು ದಾಟಿ ರೋಹಿಣಿಯ ಕಡೆಗೆ ಹೊರಟಿದ್ದ. ದಿನಗಳನ್ನು ಒಂದೊಂದಾಗಿ ಮುಂದೆ ಸರಿಸಿದಾಗ ತಿಂಗಳ ಕೊನೆಗೆ ರೋಹಿಣಿಯ ಪಕ್ಕ ಬಂದ, ಜೂನ್ 20ರ ಸುಮಾರಿಗೆ ಆರ್ದ್ರೆಯ ನೇರಕ್ಕೆ. ‘ಮತ್ತೆ ಪಂಚಾಂಗದಲ್ಲಿ ಇರುವುದೂ ಇದೇ ಅಲ್ಲವೋ’ ಎಂದು ಅಮ್ಮ ಒಳಗೆ ಹೋದರು. ತಂತ್ರಾಂಶದಲ್ಲಿ ಭಾರತೀಯ ನಕ್ಷತ್ರ ಸಂಪ್ರದಾಯವನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ಗ್ರೀಕ್ ಹೆಸರುಗಳಿಗಿಂತ ನಮ್ಮ ಮನೆಯಲ್ಲಿ ಅದೇ ಹೆಚ್ಚು ಓಡುತ್ತದೆ.

ಬೇಡದ ಕೆಲವು ಸೌಕರ್ಯಗಳ ನಡುವೆ ಎರಡು ನಿತ್ಯ ಉಪಯೋಗಕ್ಕೆ ಬಂದವು. ಕಂಟ್ರೋಲ್ ಮತ್ತು ಎನ್ ಒಟ್ಟಿಗೆ ಒತ್ತಿದರೆ ಪರದೆ ಕೆಂಪಾಗಿ, ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡುವುದಿಲ್ಲ. ಇನ್ನೊಂದು ಆಕ್ಯುಲರ್ಸ್ ಎಂಬ ಪ್ಲಗಿನ್. ಅದಕ್ಕೆ ನಮ್ಮ ಬೈನಾಕ್ಯುಲರಿನ ವರ್ಧನೆ, ಮಸೂರದ ಅಗಲ, ಕಾಣುವ ವೃತ್ತದ ಡಿಗ್ರಿ ಕೊಟ್ಟರೆ ಕಣ್ಣಿಗೆ ಕಾಣುವಷ್ಟನ್ನೇ ದುಂಡಗೆ ತೋರಿಸುತ್ತದೆ. ನನ್ನ 10×50ರ ಆರೂವರೆ ಡಿಗ್ರಿಯ ವೃತ್ತದಲ್ಲಿ ತ್ರಿಶಂಕು ಪೂರ್ತಿ ಹಿಡಿಸುತ್ತದೆ ಎಂದು ಮೊದಲೇ ತಿಳಿದದ್ದು ಹೀಗೆ.

ತ್ರಿಶಂಕು ದಕ್ಷಿಣಕ್ಕೆ ಬರುವ ಹೊತ್ತು ತಿಂಗಳಿಗೆ ಎರಡು ಗಂಟೆ ಹಿಂದಾಗುತ್ತದೆ: ಮಾರ್ಚ್ ಮಧ್ಯದಲ್ಲಿ ನಡುರಾತ್ರಿ ಕಳೆದು ಒಂದೂವರೆಗೆ, ಏಪ್ರಿಲ್ ಮಧ್ಯದಲ್ಲಿ ಹನ್ನೊಂದೂವರೆಗೆ, ಮೇ ಮೊದಲ ವಾರ ಹತ್ತಕ್ಕೆ. ಮೇ ತಿಂಗಳನ್ನು ನಂಬಿ ಕೂರಬಾರದು, ಮೋಡ ಕಟ್ಟುತ್ತದೆ. ಏಪ್ರಿಲ್‌ನಲ್ಲಿ ಹಿಡಿದೆ. ಕಿಂಡಿಯಲ್ಲಿ ಇಡೀ ಪುಂಜ ಒಂದೂಕಾಲು ಗಂಟೆಯಷ್ಟು ನಿಲ್ಲುತ್ತದೆ ಎಂದು ತಂತ್ರಾಂಶ ಹೇಳಿತ್ತು, ಹಾಗೆಯೇ ನಿಂತಿತು. ಕರಾವಳಿಯ ತೇವದ ಗಾಳಿಯಲ್ಲಿ ಐದನೆಯ ಸಣ್ಣ ನಕ್ಷತ್ರ ಬರಿಗಣ್ಣಿಗೆ ಸಿಗಲಿಲ್ಲ. ನೆರೆಯವರು ಅಡಿಕೆ ಅಂಗಳಕ್ಕೆ ಹಾಕಿಸಿದ ಎಲ್‌ಇಡಿ ದೀಪದ ಪಾಲೂ ಅದರಲ್ಲಿದೆ. ಗಂಟೆ ಕಳೆದ ಮೇಲೆ ಬಂದ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗಳ ಗೋಳಗುಚ್ಛ ಮೂವತ್ತು ಡಿಗ್ರಿ ಏರುವುದರಿಂದ ಅದಕ್ಕೆ ಕಿಂಡಿಯ ಹಂಗಿಲ್ಲ. ಬೈನಾಕ್ಯುಲರಿನಲ್ಲಿ ಮಬ್ಬಾದ ದುಂಡು ಬೆಳಕಾಗಿ ಕಂಡಿತು.

ಈಗ ಉಳಿದ ತಕರಾರು ಅಪ್ಪನದು. ಮಳೆ ಶುರುವಾದ ಕೂಡಲೇ ಆ ಖಾಲಿ ಜಾಗಕ್ಕೆ ಸಸಿ ನೆಡಬೇಕು ಎನ್ನುತ್ತಾರೆ. ನಕ್ಷತ್ರ ನೋಡಲು ತೋಟ ಖಾಲಿ ಬಿಟ್ಟವರು ಬದಿಯಡ್ಕದಲ್ಲಿ ಯಾರೂ ಇಲ್ಲ ಎಂಬುದು ಅವರ ವಾದ, ಒಪ್ಪಬೇಕಾದದ್ದೇ. ವಿಟ್ಲದ ಸಂಶೋಧನಾ ಕೇಂದ್ರದವರು ಬಿಡುಗಡೆ ಮಾಡಿದ ಕುಬ್ಜ ಅಡಿಕೆ ತಳಿಗಳಿವೆ, ಹಿರೇಹಳ್ಳಿಯ ಗಿಡ್ಡ ತಳಿಯನ್ನು ತಾಯಿಯಾಗಿಟ್ಟು ಮಾಡಿದ ಸಂಕರ. ಕೊಯ್ಲಿಗೆ ದೋಟಿಯೇ ಬೇಡ, ಮದ್ದು ಬಿಡುವುದೂ ಸುಲಭ ಎಂದು ಹೇಳಿ ಅಪ್ಪನನ್ನು ಒಪ್ಪಿಸಿದ್ದೇನೆ. ಹತ್ತು ಡಿಗ್ರಿಯ ವಿಷಯ ಎತ್ತಲಿಲ್ಲ. ಸಸಿ ಸಿಕ್ಕರೆ ಜೂನ್‌ನಲ್ಲಿ ನೆಡುತ್ತೇವೆ. ಅಳತೆಯ ಫೈಲಿನಲ್ಲಿ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸಾಲನ್ನು ತಂತ್ರಾಂಶ ಓದುವುದಿಲ್ಲ. 175ರ ಸಾಲಿನ ಮೇಲೆ ಅಂಥದ್ದೊಂದನ್ನು ಸೇರಿಸಿ, ‘ಪ್ರತಿ ಜನವರಿ ಮತ್ತೆ ಅಳೆಯಬೇಕು’ ಎಂದು ಬರೆದಿಟ್ಟಿದ್ದೇನೆ.